ಗಂಜಿ ಗಡಿಗ್ಯಾಗ ಸಮುದ್ರ

"ಇವತ್ತಿನಿಂದ ಈ ಉಳವಪ್ಪನ ಹೊಟ್ಟಿಯೊಳಗ ಇಂಗ್ಲೀಷ ಗುಳಿಗಿಗೆ ಪ್ರವೇಶ ಇಲ್ಲ!"

ಬೆಟಗೇರಿಯ ನಮ್ಮ ಓಣಿ ನಡುವ ನಿಂತು ನಾ ಹಿಂಗ ಘೋಷಣಾ ಮಾಡಿದೆ. ಯಾರೂ ಚಪ್ಪಾಳಿ ಹೊಡೀಲಿಲ್ಲ. ಒಂದು ಎಮ್ಮಿ ಅಷ್ಟ ಹೊಳ್ಳಿ ನೋಡಿ ಮತ್ತ ಮೆಲಕು ಹಾಕಾಕ ಹತ್ತಿತು.

ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ದಿನಾ ಪೂರ್ತಿ ಕುಂತು ನೇಯೂ ಮನಶ್ಯಾಗ ಹೊಟ್ಟಿ ಸಾಫ್ ಆಗೂದಂದ್ರ ಹಬ್ಬ ಬಂದಂಗ. ಯಾವಾಗರ ಒಮ್ಮೆ ಬರತೈತಿ, ಬಂದ ದಿನ ಮನಿ ಮಂದಿಗೆಲ್ಲಾ ಸಂತೋಷ! ಡಾಕ್ಟರ ಕೊಟ್ಟ ಗುಳಿಗಿ ನುಂಗಿ ನುಂಗಿ ಬ್ಯಾಸತ್ತಿದ್ದೆ. ಅಷ್ಟರಾಗ ರೇಡಿಯೋದಾಗ ಒಬ್ಬ ಶ್ಯಾಣ್ಯಾ ಮಾತಾಡಿದ. ಗಿಡಮೂಲಿಕಿಯೊಳಗಷ್ಟ ಅಲ್ಲ, ಸಮುದ್ರದ ಪಾಚಿಯೊಳಗ ಸೈತ ಔಷಧದ ಅಂಶ ಅದಾವಂತ, ಮುಂದೊಂದು ದಿನ ಕಾರ್ಖಾನಿ ಗುಳಿಗಿ ಜಾಗಾ ಅವ ಹಿಡೀಬಹುದಂತ. ಮುಂದೊಂದು ದಿನ ಯಾಕ? ನಾಳೆನ ಹಿಡೀಲಿ ಅಂದೆ ನಾ!

"ಸಮುದ್ರದ ಪಾಚಿ ಎಲ್ಲಿಂದ ತರತೀರಿ?" ಅಂದ್ಳು ನನ್ನ ಹೆಂಡ್ತಿ ನೀಲಗಂಗವ್ವ. "ಮಲ್ಲಸಮುದ್ರಕ್ಕ ಹೋಗ್ತೀರೇನು? ಅಲ್ಲಿ ಸಮುದ್ರ ಊರ ಹೆಸರಿನಾಗಷ್ಟ ಐತಿ!"

"ನಿನಗೇನು ತಿಳೀತೈತಿ ವಿಜ್ಞಾನ!"

"ನನಗ ಮಗಳ ಮದವಿ ತಿಳೀತೈತಿ. ನಾಳೆ ಮುಂಜಾನೆ ಗುರುಸಿದ್ದವ್ವನ ಸೀರಿ ನೂಲಿಗೆ ಗಂಜಿ ಹಚ್ಚೂದೈತಿ. ಗಂಜಿ ಕಾಸೂದು ನಿಮ್ಮ ಕೆಲಸ. ಮರತ್ರ ನೋಡ್ರಿ ಮತ್ತ!"

ಖರೆನ ಅದು. ಮಗಳಿಗೆ ಸೊರಟೂರಾಗ ಸಂಬಂಧ ನಿಕ್ಕಿ ಆಗಿತ್ತು. "ನಮ್ಮಪ್ಪ ನೇಯ್ದ ಸೀರಿ ಉಟ್ಟನ ನಾ ಅಕ್ಕಿಕಾಳು ಹಾಕಿಸ್ಗೊಳ್ಳಾಕಿ" ಅಂತ ಅಕಿ ಹಟ ಹಿಡದಿದ್ಳು. ಅದಕ್ಕಂತ ಆರಿಸಿ ತಂದು ಕೆಂಪು ಬಣ್ಣ ಹಾಕಿಸಿದ ನೂಲು ಅದು. ಮಗ್ಗಕ್ಕ ಏರಿಸೂ ಮೊದಲ ಗಂಜಿ ಹಚ್ಚಿ ಗಟ್ಟಿ ಮಾಡದಿದ್ರ ಎಳಿ ಹರೀತಾವ. ಈ ನೂಲು ಕೆಟ್ರ ಮದವಿ ದಿನದೊಳಗ ಇನ್ನೊಂದು ಸೀರಿ ತಯಾರಾಗೂ ಮಾತ ಇಲ್ಲ.

ಪಾಚಿ ದಾರಿ ತೋರಿಸಿದಾಂವ ಬಾಜೂ ಮನಿ ಖಾಸಿಂಸಾಬ. ಗಾದಿ ಹೊಲಿಯಾಂವ, ನನ್ನ ಖಾಸ ದೋಸ್ತ.

"ಲೇ ಉಳವಪ್ಪ, ನಿನ್ನ ಪಾಚಿ ನಮ್ಮ ಮನಿ ಡಬ್ಬ್ಯಾಗ ಕುಂತೈತಿ! ರಂಜಾನಕ್ಕ ಹಾಲಿನಾಗ ಕುದಿಸಿ ತಣ್ಣನ ಸಿಹಿ ಮಾಡ್ತೀವಲ್ಲ, ಆ ಚೈನಾ ಗ್ರಾಸ್. ಪಾಚಿಯಿಂದನ ಮಾಡ್ತಾರಂತ."

ಅವನ ಹೆಂಡ್ತಿ ರಹಿಮತಬಿ ಡಬ್ಬಿ ತಗದು ಬಿಳಿ ಎಳಿಗಳ ಕಟ್ಟು ತೋರಿಸಿದ್ಳು. "ಅಣ್ಣಾರ, ಒಂದು ಚಿಮಟಿ ಸಾಕ್ರಿ. ಆರಿದ ಮ್ಯಾಲೆ ಗಟ್ಟಿ ಆಗತೈತಿ."

"ವೈನಿ, ನನ್ನ ಹೊಟ್ಟಿ ಚಿಮಟಿಗೆಲ್ಲಾ ಬಗ್ಗೂದಲ್ಲ!" ಅಂದು ಇಡೀ ಕಟ್ಟು ಇಸಗೊಂಡು ಬಂದೆ.

ಮರುದಿನ ನಸುಕಿನ್ಯಾಗ ಎದ್ದು ಹಿತ್ತಲದಾಗ ಒಲಿ ಹೂಡಿದೆ. ಬೇವಿನ ತಪ್ಪಲ, ಅಮೃತಬಳ್ಳಿ, ಸೋನಾಮುಖಿ, ಮ್ಯಾಲೆ ಇಡೀ ಕಟ್ಟು ಪಾಚಿ! ಅಡಗಿ ಪಾತ್ರಿ ಮುಟ್ಟಿದ್ರ ಹೆಂಡ್ತಿ ಸುಮ್ಮ ಬಿಡೂದಿಲ್ಲ. ಗಂಜಿ ಗಡಿಗಿ ಅಲ್ಲೇ ಖಾಲಿ ಬಿದ್ದಿತ್ತು. ಮೊದಲ ಔಷಧ ಆಗಲಿ, ಗಡಿಗಿ ತೊಳದು ಆಮ್ಯಾಲೆ ಗಂಜಿ ಕಾಸಿದ್ರಾತು ಅಂದ್ಕೊಂಡೆ. ಕುದ್ದು ಕುದ್ದು ಅದು ಪಾಯಸದಂಗ ಮಂದ ಆತು. ಒಲಿ ಮ್ಯಾಲೆ ಬಿಟ್ಟು, ಮೊದಲನೇ ಗುಟುಕಿಗೆ ಸಾಕ್ಷಿ ಬೇಕಂತ ಖಾಸಿಂಸಾಬನ್ನ ಕರಿಯಾಕ ಹೋದೆ. ಅಂವ ಹಲ್ಲು ತಿಕ್ಕಿ, ಚಾ ಕುಡದು, ಟೊಪಗಿ ಹುಡಕಿ ಹೊರಬೀಳೂದರಾಗ ಹೊತ್ತು ಏರಿತ್ತು.

ಹೊಳ್ಳಿ ಬಂದು ನೋಡ್ತೀನಿ! ಓಣಿ ಉದ್ದಕ್ಕೂ ಮಗಳ ಸೀರಿ ನೂಲು ಬಿಗದು ಕಟ್ಯಾರ. ಎರಡೂ ಕಡೆ ಮಂದಿ ನಿಂತು ಕುಂಚದಲೆ ಹಚ್ಚಾಕ ಹತ್ಯಾರ, ನಡುವ ನನ್ನ ಔಷಧದ ಗಡಿಗಿ! ನಮ್ಮ ಓಣಿ ಪದ್ಧತಿ ಅದು. ಒಬ್ಬರ ಮನ್ಯಾಗ ಗಂಜಿ ಅಂದ್ರ ಎಲ್ಲಾರೂ ಕೈ ಹಚ್ಚತಾರ. ಬಿಸಲು ಏರೂದರೊಳಗ ಮುಗಸೂ ಗಡಿಬಿಡಿಯಾಗ ಗಡಿಗ್ಯಾಗ ಏನೈತಿ ಅಂತ ಯಾರೂ ಕೇಳೂದಿಲ್ಲ.

"ಜನ್ಮದಾಗ ಒಂದ ಸಲ ಹೇಳಿಸ್ಗೊಳ್ಳದ ಗಂಜಿ ಕಾಸೀರಲ್ರಿ!" ಹೆಂಡ್ತಿ ಮಾರಿ ಅರಳಿತ್ತು.

"ಬೇವು ಬ್ಯಾರೆ ಹಾಕ್ಯಾನವ್ವಾ, ಹುಳ ಹತ್ತಬಾರದಂತ!" ಅಂದ್ಳು ಎದುರ ಮನಿ ಮುದುಕಿ ಮಾಳವ್ವ.

ಲಗ್ನ ಆದಾಗಿನಿಂದ ಇಷ್ಟು ಹೊಗಳಿಕಿ ಕೇಳಿರಲಿಲ್ಲ. ಸುಮ್ಮ ಇದ್ದುಬಿಡ್ಲಿ ಅನಿಸಿತು. ಅಷ್ಟರಾಗ ತಂಪು ಗಾಳಿ ಬೀಸಿತು ನೋಡ್ರಿ, ಔಷಧ ಹೆಪ್ಪುಗಟ್ಟಾಕ ಹತ್ತಿತು! ಎಳಿಗೆ ಎಳಿ ಅಂಟಿ ಸೀರಿ ನೂಲೆಲ್ಲಾ ಹಪ್ಪಳ ಆತು. ಕುಂಚ ಅಲ್ಲಲ್ಲೇ ಸಿಕ್ಕೊಂಡು ನಿಂತವು.

"ಅಪ್ಪಾ, ಇದೇನು ಗಂಜೀನೋ ಅಂಟೋ?" ಗುರುಸಿದ್ದವ್ವನ ಕಣ್ಣಾಗ ನೀರು.

"ಗಂಜಿ ಅಲ್ಲವ್ವಾ... ಔಷಧ."

"ಯಾತರ ಔಷಧ?"

"ಹೊಟ್ಟಿ ಸಾಫ್ ಆಗೂದು."

ಮಂದಿ ಎಲ್ಲಾ ಗಡಿಬಿಡಿಲೆ ಕೈ ವರಸ್ಕೊಳ್ಳಾಕ ಹತ್ತಿದ್ರು! ಮಾಳವ್ವ ತನ್ನ ಕೈ ಒಮ್ಮೆ, ನನ್ನ ಮಾರಿ ಒಮ್ಮೆ ನೋಡಿ, "ಥೂ ನಿನ್ನ!" ಅಂದ್ಳು.

ಮಗಳ ಅಳು ನೋಡಿ ನನಗ ಭೂಮಿ ಬಾಯಿ ಬಿಡಬಾರದ ಅನಿಸಿತು. ಅಷ್ಟರಾಗ ರಹಿಮತಬಿ ಓಡಿ ಬಂದ್ಳು. "ಕುದಿಯೂ ನೀರಿಗೆ ಅದು ಕರಗತೈತ್ರಿ! ಒಣಗೂದರೊಳಗ ಜಲ್ದಿ ಮಾಡ್ರಿ!"

ನೀಲಗಂಗವ್ವ ಸೆರಗು ಸೊಂಟಕ್ಕ ಸಿಗಸಿ ಸೇನಾಪತಿ ಆಗಿಬಿಟ್ಳು. "ಏನು ನೋಡ್ತೀರಿ? ಓಡ್ರಿ!" ಓಣ್ಯಾಗಿನ ಎಲ್ಲಾರ ಮನ್ಯಾಗ ಜಳಕಕ್ಕಂತ ಕುದಿಯಾಕ ಹತ್ತಿದ್ದ ಹಂಡೆ ಖಾಲಿ ಮಾಡಿದೆ. ಕೊಡ ಹೊತ್ತೆ, ಓಡಿದೆ, ಸುರುವಿದೆ, ಮತ್ತ ಓಡಿದೆ. ಹೆಂಗಸರು ಚಿಮುಕಿಸಿ ಚಿಮುಕಿಸಿ ಕುಂಚ ಎಳದ್ರು. ನನ್ನ ಧೋತರ ಬಿಚ್ಚಿದ್ದು ನನಗ ಖಬರ ಇಲ್ಲ, ಓಣಿಗೆಲ್ಲಾ ಖಬರ ಇತ್ತು!

ಎಳಿ ಒಂದೊಂದ ಬಿಡಿಸ್ಕೊಂಡವು. ಬಿಸಲಿಗೆ ಒಣಗಿದ ಮ್ಯಾಲೆ ನೂಲು ಫಳಫಳ ಹೊಳಿಯಾಕ ಹತ್ತಿತು. ಗುರುಸಿದ್ದವ್ವ ಕೈಯಾಡಿಸಿ ನಕ್ಕಳು. "ಯವ್ವಾ ನೋಡ, ರೇಷ್ಮಿಗತೆ ಆಗೈತಿ!"

ಹೋದ ಜೀವ ಬಂತು ನನಗ. ಜೀವದ ಕೂಡ ಜಂಬಾನೂ ಬಂತು. ಕಟ್ಟಿ ಮ್ಯಾಲೆ ಕುಂತು ಮೀಸಿ ತಿರುವಿದೆ. "ನೋಡಿದ್ರೇನು ಸಮುದ್ರದ ಪ್ರತಾಪ? ಇನ್ನ ಇದನ್ನ ಕುಡದ್ರ..."

ಮಾತು ಮುಗೀಲಿಲ್ಲ. ಹೊಟ್ಟ್ಯಾಗ ಗುಡುಗು ಸುರು ಆತು! ತಂಬಗಿ ಹಿಡಕೊಂಡು ನಾ ಓಡಿದ ಓಟ ಓಣಿ ಮಂದಿ ಇವತ್ತಿಗೂ ನೆನಸ್ತಾರ.

ಹಗರ ಆಗಿ, ನಕ್ಕೋತ ಹೊಳ್ಳಿ ಬಂದೆ. ಯಾರೂ ಮನಿಗೆ ಹೋಗಿರಲಿಲ್ಲ.

"ಸಾಫ್ ಆತೇನ್ರಿ?" ಅಂದ್ಳು ಹೆಂಡ್ತಿ.

"ಭಾಳ ಛಂದ ಆತು!"

"ಪಾಚಿ ಒಂದು ಹನಿ ಕುಡದಿಲ್ಲ, ಗುಳಿಗಿ ಒಂದು ನುಂಗಿಲ್ಲ. ನಿಮ್ಮ ರೋಗಕ್ಕ ಔಷಧ ಯಾವುದಂತ ನನಗ ತಿಳೀತು," ಅಂದು ಖಾಲಿ ಕೊಡ ನನ್ನ ಹೆಗಲ ಮ್ಯಾಲೆ ಇಟ್ಳು. "ನಡೀರಿ ಬಾಂವಿಗೆ. ಓಣಿ ಮಂದಿದೆಲ್ಲಾ ಜಳಕ ಉಳದೈತಿ. ನಾಳಿಂದ ದಿನಾ ಮುಂಜಾನೆ, ಬರೇ ಹೊಟ್ಟಿಲೆ, ಎರಡು ಕೊಡ!"