ಹುಟ್ಟದ ಹುಲ್ಲಿಗೆ ತಲೆ ಬಾಚುವ ಅತ್ತೆ

ಹುಟ್ಟಿಯೇ ಇರದ ಹುಲ್ಲಿಗೆ ದಿನಾ ತಲೆ ಬಾಚುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿಲ್ಲವಾದರೆ ಒಮ್ಮೆ ಸಿಂಧನೂರಿಗೆ ಬನ್ನಿ. ಬೆಳಿಗ್ಗೆ ಏಳಕ್ಕೆ ನಮ್ಮ ಜಿಮ್ಮಿನ ಬಾಗಿಲಲ್ಲಿ ನಿಂತರೆ ನನ್ನ ಅತ್ತೆಯನ್ನು ತೋರಿಸುತ್ತೇನೆ. ಬೇಕಾದರೆ ಜೊತೆಗೆ ಕರೆದುಕೊಂಡೇ ಹೋಗಿ. ನನಗಂತೂ ಸಾಕಾಗಿ ಹೋಗಿದೆ!

ಅತ್ತೆ ಅಂದಕೂಡಲೇ ಹೆಂಡತಿಯ ತಾಯಿ ಎಂದುಕೊಳ್ಳಬೇಡಿ. ಆಕೆ ಪಾಪ, ಲಿಂಗಸುಗೂರಿನಲ್ಲಿ ಧಾರಾವಾಹಿ ನೋಡಿಕೊಂಡು ತಣ್ಣಗಿದ್ದಾರೆ. ಇವಳು ನನ್ನಪ್ಪನ ಅಕ್ಕ, ಸೋದರತ್ತೆ. ತುರ್ವಿಹಾಳದಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ಕಾಲುವೆ ನೀರಿನ ಗದ್ದೆ, ಎಲ್ಲವೂ ಇದೆ. ಇಷ್ಟೆಲ್ಲ ಇದ್ದೂ ದಿನಾ ಮೊದಲ ಬಸ್ಸು ಹಿಡಿದು, ಕಂಕುಳಲ್ಲಿ ಒಂದು ಮೋಟು ಕಸಬರಿಗೆ ಸಿಕ್ಕಿಸಿಕೊಂಡು ನನ್ನ ಜಿಮ್ಮಿಗೆ ಬರುತ್ತಾಳೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲಂತೂ ಅವಳನ್ನು ಹಿಡಿಯುವವರೇ ಇಲ್ಲ. ಸಣ್ಣವನಿದ್ದಾಗ ನನ್ನನ್ನು ಸಾಕಿದವಳು ಅವಳೇ. ಹಾಗಾಗಿ ಬೈಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ನಮ್ಮ ಜಿಮ್ಮು ಇರುವುದು ಒಂದು ಹಳೆಯ ಅಕ್ಕಿ ಗೋದಾಮಿನಲ್ಲಿ. ಗೋಡೆಯಾಚೆ ರೈಸ್ ಮಿಲ್ಲು. ಮಿಲ್ಲು ಶುರುವಾಯಿತೆಂದರೆ ಹೊಟ್ಟಿನ ಧೂಳು ಕಿಟಕಿಯಿಂದ ನೇರ ಒಳಗೆ. ಕಿಟಕಿ ಮುಚ್ಚಿದರೆ ಜನ ಬೇಯುತ್ತಾರೆ, ತೆರೆದರೆ ಸೀನುತ್ತಾರೆ. ಅರ್ಧ ಗೋದಾಮಿನಲ್ಲಿ ಯಂತ್ರಗಳು. ಅವೆಲ್ಲ ನನ್ನ ಪಾಲುದಾರ ಶರಣುವಿನವು. ಇನ್ನರ್ಧಕ್ಕೆ ನಾನು ಹೈದರಾಬಾದಿನಿಂದ ತರಿಸಿದ ಪ್ಲಾಸ್ಟಿಕ್ ಹುಲ್ಲಿನ ಹಾಸು. ಟರ್ಫ್ ಅನ್ನುತ್ತಾರೆ. ಅದರ ಮೇಲೆ ಹುಡುಗರು ಭಾರ ಹೇರಿದ ಕಬ್ಬಿಣದ ಬಂಡಿ ತಳ್ಳುತ್ತಾರೆ, ಕುಪ್ಪಳಿಸುತ್ತಾರೆ, ಉರುಳಾಡುತ್ತಾರೆ. ಸುತ್ತ ಹತ್ತೂರಿನ ಗದ್ದೆ ಹಸಿರಾಗಿರುವಾಗ ಹೈದರಾಬಾದಿನಿಂದ ಪ್ಲಾಸ್ಟಿಕ್ ಹುಲ್ಲು ತರಿಸಿದವನು ನಾನು. ಹುಚ್ಚು ನಮ್ಮ ವಂಶದಲ್ಲೇ ಇದೆ ಅನ್ನಿ.

ತಪ್ಪು ನನ್ನದೇ. ಹಾಸಿನ ಜೊತೆ ಬಂದ ಸೂಚನೆಯ ಹಾಳೆಯನ್ನು ನಾನು ಅತ್ತೆಗೆ ಓದಿ ಹೇಳಬಾರದಿತ್ತು. ತುಳಿದು ತುಳಿದು ಎಳೆಗಳು ಒಂದೇ ಕಡೆ ಮಲಗುತ್ತವೆ, ಅವು ಮಲಗಿದ ದಿಕ್ಕಿಗೆ ಎದುರಾಗಿ ಗುಡಿಸಿ ಎಬ್ಬಿಸಬೇಕು. ಬೆವರು ಬಿದ್ದರೆ ಕೂಡಲೇ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ಬುಡದಲ್ಲಿ ಧೂಳು ಕೂರಬಾರದು.

“ಬರೋಬ್ಬರಿ ಬರದಾನ ನೋಡು ಪುಣ್ಯಾತ್ಮ!” ಎಂದಳು ಅತ್ತೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಗಂಡನ ಒಂದು ಮಾತನ್ನೂ ಅವಳು ಹೀಗೆ ಒಪ್ಪಿಕೊಂಡದ್ದನ್ನು ನಾನು ಕೇಳಿಲ್ಲ.

ಅಂದಿನಿಂದ ಶುರು. ಕುಕ್ಕರಗಾಲಲ್ಲಿ ಕೂತು ಈ ತುದಿಯಿಂದ ಆ ತುದಿಯವರೆಗೆ ಕಸಬರಿಗೆಯಲ್ಲಿ ಹುಲ್ಲನ್ನು ಎದುರು ಬಾಚುತ್ತಾಳೆ. ಕಸಬರಿಗೆಗೆ ಬಗ್ಗದ ಜಾಗಕ್ಕೆ ಸೊಂಟದಿಂದ ಮರದ ಹಣಿಗೆ ತೆಗೆಯುತ್ತಾಳೆ. ಹೌದು, ತಲೆ ಬಾಚುವ ಹಣಿಗೆಯೇ!

“ಅಜ್ಜಿ, ಹೇನು ಸಿಕ್ಕಾವೇನ್ರಿ?” ಎಂದು ಹುಡುಗರು ಕೀಟಲೆ ಮಾಡುತ್ತಾರೆ.

“ಹೇನೆಲ್ಲಿ ಬರಬೇಕೋ ತಮ್ಮಾ, ನಿಮ್ಮ ಬೂಟಿನ ಮಣ್ಣು ಸಿಕ್ಕೈತಿ. ಅದಕ್ಕಿಂತ ಹೇನರ ಬೇಸಿ. ತಾವ ನಡಕೊಂಡು ಹೊರಗ ಹೋಗ್ತಾವ.”

ಬೂಟೆಂದರೆ ಅವಳಿಗೆ ಆಗದು. ಪೊಲೀಸ್ ಪರೀಕ್ಷೆಗೆ ತಯಾರಿ ನಡೆಸಿದ್ದ ಲಿಂಗಸುಗೂರಿನ ಆರಡಿ ಹುಡುಗನೊಬ್ಬ ಮೊದಲ ದಿನ ಹೊಸ ಬೂಟು ಹಾಕಿಕೊಂಡು ಟರ್ಫಿಗೆ ಕಾಲಿಟ್ಟ. ಅತ್ತೆ ಕಸಬರಿಗೆ ಅಡ್ಡ ಹಿಡಿದಳು.

“ಯಪ್ಪಾ, ನಿಮ್ಮನ್ಯಾಗ ಕೌದಿ ಮ್ಯಾಲ ಬೂಟು ಹಾಕ್ಕೊಂಡು ಅಡ್ಡಾಡ್ತಿಯೇನು?”

“ಇದು ಕೌದಿ ಅಲ್ರಿ ಅಮ್ಮಾ, ಟರ್ಫ್ ರೀ.”

“ಮಂದಿ ಅದರ ಮ್ಯಾಲ ಬೀಳ್ತಾರಿಲ್ಲೋ? ಹೊರಳ್ತಾರಿಲ್ಲೋ? ಅಂಗಾತ ಮಲಗಿ ಉಸ್ ಅಂತಾರಿಲ್ಲೋ?”

ಅವನು ತಲೆಯಾಡಿಸಿದ. ಇಲ್ಲ ಎನ್ನಲು ಬರುವಂತಿರಲಿಲ್ಲ.

“ಮತ್ತ! ಅದು ಹಾಸಿಗಿನ. ಬೂಟು ಬಿಡು, ಕಾಲು ತೊಳಿ.”

ಬಾಗಿಲಲ್ಲಿ ಬಕೆಟ್ಟು, ಚೊಂಬು, ಕಾಲೊರೆಸಲು ಗೋಣಿಚೀಲ ಬಂದವು. ಆ ಹುಡುಗ ಮುಂದೆ ಪರೀಕ್ಷೆ ಪಾಸಾದ. ಸಿಹಿ ಕೊಡಲು ಬಂದಾಗಲೂ ಕಾಲು ತೊಳೆದೇ ಒಳಗೆ ಬಂದ. ಪೊಲೀಸರನ್ನೇ ಬಗ್ಗಿಸಿದವಳ ಮುಂದೆ ನಾನ್ಯಾವ ಲೆಕ್ಕ?

ಇನ್ನು ಬೆವರು. ಮಸ್ಕಿಯಿಂದ ಬರುವ ಮೇಷ್ಟರೊಬ್ಬರು ಮೊಣಕೈ ಊರಿ, ಮೈ ನೆಟ್ಟಗೆ ಮಾಡಿ, ಎರಡು ನಿಮಿಷ ಅಲುಗಾಡದೆ ಇರುವ ವ್ಯಾಯಾಮ ಮಾಡುತ್ತಿದ್ದರು. ಮೂಗಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಅತ್ತೆ ಹಳೆ ಲುಂಗಿಯ ತುಂಡು ಹಿಡಿದು ಅವರ ಮುಖದ ಮುಂದೆ ಕೂತು, ಹನಿಯನ್ನೇ ನೋಡತೊಡಗಿದಳು. ಮೇಷ್ಟರು ಅವಳನ್ನು ನೋಡಿದರು. ನಗು ಬಂತು. ನಗು ತಡೆದರೆ ಹೊಟ್ಟೆ ಕುಣಿಯಿತು. ಧೊಪ್ಪೆಂದು ಬಿದ್ದರು.

“ಬಿದ್ದಿರಲ್ಲ, ಬೇಸಾತು. ಇನ್ನ ಜರಾ ಆಕಡಿ ಸರೀರಿ ಸರ್, ನಿಮ್ಮ ಕೆಳಗ ಗುಡಿಸೂದು ಉಳದೈತಿ,” ಎಂದಳು ಅತ್ತೆ. ಮೇಷ್ಟರು ಒಂದು ವಾರ ಬರಲಿಲ್ಲ.

ಅವಳದು ಇನ್ನೊಂದು ವಿಚಿತ್ರ ಇದೆ. ಬಂದಕೂಡಲೇ ನನ್ನ ಬೆನ್ನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಆಮೇಲೇ ಕಸಬರಿಗೆ. ಆಶೀರ್ವಾದ ಮಾಡುತ್ತಾಳೋ, ಅಂಗಿಯ ಧೂಳು ಒರೆಸುತ್ತಾಳೋ, ಶಿವನೇ ಬಲ್ಲ. ನಾನು ಕೇಳಲು ಹೋಗಿಲ್ಲ. ನನಗೆ ನನ್ನದೇ ಗೋಳು. ನಿಮ್ಮಲ್ಲೇ ಇರಲಿ, ಒಂದು ಗುಟ್ಟು ಹೇಳುತ್ತೇನೆ: ಸುಗ್ಗಿ ಬಂದು ಮಿಲ್ಲು ಜೋರಾದರೆ ನನಗೆ ದಮ್ಮು ಕಟ್ಟುತ್ತದೆ. ಸಣ್ಣಂದಿನ ರೋಗ. ಮೇಜಿನ ಡ್ರಾವರಿನಲ್ಲಿ, ಹಳೆ ಟವೆಲ್ಲುಗಳ ಕೆಳಗೆ, ಬಾಯಿಗೆ ಹಿಡಿದು ಎಳೆಯುವ ನೀಲಿ ಪಂಪು ಬಚ್ಚಿಟ್ಟಿದ್ದೇನೆ. ಜಿಮ್ಮಿನ ಮಾಲೀಕನಿಗೇ ಉಸಿರು ಸಾಲದು ಅಂತ ಗೊತ್ತಾದರೆ ಯಾರು ಬರುತ್ತಾರೆ ಹೇಳಿ!

ಇಷ್ಟರಲ್ಲೇ ಮುಗಿದಿದ್ದರೆ ತಡೆದುಕೊಳ್ಳುತ್ತಿದ್ದೆ. ದಸರಾ ಬಂತು.

ದಸರೆಗೆ ಮುಂಚೆ ಮನೆಯ ಹಾಸಿಗೆ, ಹೊದಿಕೆ, ಕೌದಿ, ಕಂಬಳಿಯನ್ನೆಲ್ಲ ಕಾಲುವೆಗೆ ಒಯ್ದು ಒಗೆಯುವುದು ನಮ್ಮ ಕಡೆಯ ವಾಡಿಕೆ. ಜಿಮ್ಮಿಗೆ ರಜೆ ಕೊಟ್ಟು, ಗುಡಿಸಲೆಂದು ಇನ್ನೊಂದು ಬೀಗದಕೈ ಅತ್ತೆಗೆ ಕೊಟ್ಟು, ನಾನು ಒಂದು ಮದುವೆಗೆಂದು ಎರಡು ದಿನ ಲಿಂಗಸುಗೂರಿಗೆ ಹೋಗಿದ್ದೆ. ತಿರುಗಿ ಬಂದು ಬೀಗ ತೆಗೆದರೆ ಅರ್ಧ ಗೋದಾಮು ಬೋಳು! ಬರೀ ಸಿಮೆಂಟು. ಕಳ್ಳರು ಅಂದುಕೊಂಡೆ. ಆದರೆ ಯಾವ ಕಳ್ಳ ಸಿಮೆಂಟನ್ನು ಅಷ್ಟು ಚಂದ ಗುಡಿಸಿ ಹೋಗುತ್ತಾನೆ? ಕೂಡಲೇ ಅರ್ಥವಾಯಿತು. ಮೋಟರ್‌ಸೈಕಲ್ಲು ತುರ್ವಿಹಾಳದ ಕಡೆ ತಿರುಗಿಸಿದೆ.

ಕಾಲುವೆಯ ಏರಿಯ ಮೇಲೆ ಅರ್ಧ ಊರಿನ ಕೌದಿಗಳು ಒಣಗುತ್ತಿದ್ದವು. ಅವುಗಳ ನಡುವೆ ನನ್ನ ಟರ್ಫು, ಎರಡು ಉದ್ದನೆಯ ಪಟ್ಟಿಗಳಾಗಿ, ಬಿಸಿಲಿಗೆ ಮೈಚಾಚಿ ಬಿದ್ದಿತ್ತು. ಮಗನ ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದಿದ್ದಳಂತೆ. ಅತ್ತೆ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದಳು.

“ಎಷ್ಟು ಧೂಳು ಇತ್ತಲೇ ಯಪ್ಪಾ ಇದರಾಗ! ಕಾಲಿವಿ ನೀರ ಕೆಂಪಾತು!” ಎಂದಳು, ದೊಡ್ಡ ಸನ್ಮಾನವಾದವರಂತೆ.

ಅಷ್ಟರಲ್ಲಿ ಆಡಿನ ಹಿಂಡೊಂದು ಹಸಿರು ಕಂಡು ಓಡಿಬಂತು. ಮುಂದಿನ ಆಡು ಒಂದು ಬಾಯಿ ಹಾಕಿತು, ಎಳೆಯಿತು, ಮೂಸಿತು, ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿ ಮುಂದೆ ಹೋಯಿತು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಅಂದು, ನನ್ನ ಟರ್ಫಿನ ಮೇಲೆ, ಸುಳ್ಳಾಯಿತು.

ಹಾಸು ತಿರುಗಿ ಬಂತು, ಆದರೆ ಬಿಸಿಲಿಗೆ ಅಂಚು ಸುರುಳಿ ಸುತ್ತಿತ್ತು. ನಡುವಿನ ಅಂಟು ಕಿತ್ತುಹೋಗಿತ್ತು. ಅತ್ತೆ ದಬ್ಬಣ ತಂದು, ನೆಲ್ಲಿನ ಚೀಲ ಹೊಲಿಯುವ ಸುತಳಿಯಿಂದ ಎರಡೂ ಪಟ್ಟಿ ಸೇರಿಸಿ ಕೌದಿಯಂತೆ ಹೊಲಿದಳು. ಹೊಲಿಗೆ ಗಟ್ಟಿಯೇ. ಆದರೆ ಶರಣು ತನ್ನ ಹೊಸ ಗಿರಾಕಿಗಳಿಗೆ ಬಂಡಿ ತಳ್ಳಿ ತೋರಿಸುವಾಗ ಸುರುಳಿ ಸುತ್ತಿದ ಅಂಚಿಗೆ ಕಾಲು ಸಿಕ್ಕಿ, ಅವರ ಮುಂದೆಯೇ ಮಕಾಡೆ ಬಿದ್ದ. ಎದ್ದವನು ನೇರ ನನ್ನ ಹತ್ತಿರ ಬಂದ.

“ನೋಡಪ್ಪಾ, ಸಾಕಾತು. ಮಂದಿ ಬರೂದು ಬಿಡಾಕತ್ತಾರ. ಸೋಮವಾರದಿಂದ ಇಲ್ಲಿ ನಿಮ್ಮತ್ತಿ ಇರಬೇಕು, ಇಲ್ಲಂದ್ರ ನಾ ಇರಬೇಕು. ಆಕಿ ಬಂದ್ಳಂದ್ರ ನನ್ನ ಮಷೀನೆಲ್ಲ ಹೇರಿಕೊಂಡು ಹೋಗ್ತೀನಿ.”

ಯಂತ್ರ ಹೋದರೆ ಜಿಮ್ಮು ಹೋಯಿತು. ಬರೀ ಹುಲ್ಲಿಟ್ಟುಕೊಂಡು ನಾನೇನು ಎಮ್ಮೆ ಕಟ್ಟಲೇ? ಶರಣು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಅತ್ತೆಗೆ ಬರಬೇಡ ಎನ್ನಲೇಬೇಕು. ಜಿಮ್ಮಿನ ದೊಡ್ಡ ಕನ್ನಡಿಯ ಮುಂದೆ ನಿಂತು ಮೂರು ದಿನ ಅಭ್ಯಾಸ ಮಾಡಿದೆ: “ಅತ್ತಿ, ನಿನಗೂ ವಯಸ್ಸಾತು, ನಾಳಿಂದ ಮನ್ಯಾಗ ಆರಾಮಿರು.” ಕನ್ನಡಿಯೊಳಗಿನವನು ನನ್ನತ್ತ ನೋಡಲೇ ಇಲ್ಲ.

ಭಾನುವಾರ ಮಧ್ಯಾಹ್ನ ಜಿಮ್ಮಿಗೆ ರಜೆ. ಅತ್ತೆಗೆ ರಜೆ ಎಂಬುದಿಲ್ಲ. ತಾನು ಹಾಕಿದ ಹೊಲಿಗೆಯ ಪಕ್ಕ ಮೊಣಕಾಲೂರಿ ಹಣಿಗೆಯಾಡಿಸುತ್ತಿದ್ದಳು. ನಾನು ಹೋಗಿ ಎದುರು ಕೂತೆ.

“ಅತ್ತಿ, ನಿನಗೂ ವಯಸ್ಸಾತು…”

ಅಷ್ಟರಲ್ಲಿ ಗೋಡೆಯಾಚೆ ಮಿಲ್ಲು ಶುರುವಾಯಿತು. ಕಿಟಕಿಯ ಬಿಸಿಲಿನಲ್ಲಿ ಧೂಳು ತುಂಬಿಕೊಂಡಿತು. ಮಾತು ಮುಂದೆ ಹೋಗಲಿಲ್ಲ. ಎದೆ ಬಿಗಿಯಿತು, ಕೆಮ್ಮು ಬಂತು, ಉಸಿರು ಸಿಳ್ಳೆ ಹೊಡೆಯತೊಡಗಿತು. ಡ್ರಾವರು ಗೋದಾಮಿನ ಆ ತುದಿಯಲ್ಲಿ. ಏಳಲು ಹೋದೆ, ಆಗಲಿಲ್ಲ.

ಅತ್ತೆ ಹಣಿಗೆ ಬಿಸಾಕಿದಳು. ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಏನನ್ನೋ ತೆಗೆದು ನನ್ನ ಬಾಯಿಗೆ ಹಿಡಿದಳು. ನೀಲಿ ಪಂಪು!

“ಎಳಿ. ಹಾಂ… ಹಿಡಕೋ. ಇನ್ನೊಮ್ಮೆ ಎಳಿ.”

ಅವಳ ಅಂಗೈ ನನ್ನ ಬೆನ್ನ ಮೇಲಿತ್ತು. ಕಣ್ಣು ಮುಚ್ಚಿತ್ತು. ದಿನಾ ಬೆಳಿಗ್ಗೆ ಮಾಡುತ್ತಿದ್ದಳಲ್ಲ, ಹಾಗೆಯೇ. ಅವಳು ನನ್ನ ಉಸಿರನ್ನು ಕೇಳುತ್ತಿದ್ದಳು.

ಮಾತು ಬರುವಂತಾದಾಗ ಕೇಳಿದೆ, “ಇದು ನಿನ್ನ ಹತ್ರ ಹ್ಯಾಂಗ ಬಂತು ಅತ್ತಿ?”

“ನೀ ಜಿಮ್ಮು ತೆರದಾಗಿಂದ ಐತಿ. ನಿನ್ನ ಟವೆಲ್ ಒಗ್ಯಾಕ ತಗದಾಗ ಖಾಲಿ ಡಬ್ಬಿ ಸಿಕ್ತು. ಔಷಧ ಅಂಗಡ್ಯಾಗ ತೋರಿಸಿ ಹೊಸಾದು ತಗೊಂಡೆ.”

“ಇದಕ್ಕ ದಿನಾ ಬರ್ತಿಯೇನು?”

“ಮತ್ತ್ಯಾದಕ್ಕ? ಇವರ ಬೂಟು ನೋಡಾಕ ಬರ್ತೀನೇನಲೇ? ಸಣ್ಣಾವಿದ್ದಾಗ ಡಾಕ್ಟರ್ ಏನಂದಿದ್ರು, ಮರತಿಯೇನು? ಈ ಕೂಸಿನ ಹಾಸಿಗ್ಯಾಗ ಧೂಳಿರಬಾರದು ಅಂದಿದ್ರು. ವಾರಕ್ಕೊಮ್ಮೆ ನಿನ್ನ ಕೌದಿ ಕಾಲಿವಿಗೆ ಒಯ್ದು ಒಗೀತಿದ್ದೆ. ಈಗ ನೋಡಿದ್ರ ಇಷ್ಟಗಲ ಹಾಸಿಗಿ ಹಾಸ್ಕೊಂಡು ದಿನವೆಲ್ಲ ಅದರ ಮ್ಯಾಲ ಇರ್ತಿ. ಊರ ಮಂದಿ ಧೂಳು ತಂದು ಅದರಾಗ ಹಾಕ್ತಾರ. ಒಗೀಲಿಲ್ಲಂದ್ರ ಹ್ಯಾಂಗ?”

ನನಗೆ ನಾಚಿಕೆಯಾಯಿತು. ತೋಳು, ಭುಜ ಎಲ್ಲ ಬೆಳೆಸಿಕೊಂಡು ಕನ್ನಡಿಯಲ್ಲಿ ನೋಡಿಕೊಂಡವನು ನಾನು. ಅದರೊಳಗಿನ ಎದೆಯನ್ನು ನೆನಪಿಟ್ಟುಕೊಂಡವಳು ಇವಳು. ಕಣ್ಣು ತುಂಬಿ ಬಂತು. ಕೆಮ್ಮಿದ್ದಕ್ಕೆ ಎಂದು ತೋರಿಸಲು ಮತ್ತೊಮ್ಮೆ ಕೆಮ್ಮಿದೆ.

“ಅದೇನೋ ವಯಸ್ಸಾತು ಅಂದಿ, ಯಾರಿಗೆ?”

“ಈ ಹುಲ್ಲಿಗೆ, ಅತ್ತಿ.”

ನಾಲ್ಕರ ಬಸ್ಸಿಗೆ ಹೊರಟಳು. ಕಸಬರಿಗೆಯನ್ನು ಕಂಕುಳಿಗೆ ಸಿಕ್ಕಿಸಿ ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ತಿರುಗಲಿಲ್ಲ. ದನಿ ತಗ್ಗಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಶರಣು ಅಂದದ್ದು ಕೇಳ್ಸೈತಿ ನನಗ. ಸೋಮವಾರದಿಂದ… ಬರೂದು ಬ್ಯಾಡೇನು?”

ಯಂತ್ರ ಒಯ್ಯುವುದಾದರೆ ಶರಣು ಒಯ್ಯಲಿ. ಅವನಿಗೆ ಏನು ಹೇಳುವುದೆಂದು ನನಗೆ ಗೊತ್ತಿರಲಿಲ್ಲ, ಇವಳಿಗೆ ಹೇಳುವುದು ಮಾತ್ರ ಗೊತ್ತಿತ್ತು. ಟರ್ಫಿನ ದೂರದ ಮೂಲೆಗೆ ಕೈ ತೋರಿಸಿದೆ.

“ಬರಲಿಲ್ಲಂದ್ರ ಹ್ಯಾಂಗ ಅತ್ತಿ? ಆ ಮೂಲಿ ನೋಡು, ಧೂಳು ಹಂಗ ಐತಿ.”

ಆ ಮೂಲೆಯಲ್ಲಿ ಧೂಳಿನ ಒಂದು ಕಣವೂ ಇರಲಿಲ್ಲ. ಬೆಳಿಗ್ಗೆಯಿಂದ ಅವಳು ಅದನ್ನು ಮೂರು ಸಲ ಬಾಚಿದ್ದಳು. ಅತ್ತೆ ತಿರುಗಿ ಮೂಲೆಯನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಗೊತ್ತೈತಿ ಬಿಡಲೇ,” ಎಂದಳು. “ಅದನ್ನ ನಾಳಿಗಂತನ ಉಳಿಸೀನಿ.”