ಮೀಸೆ ಕಾಣುವ ತಗಡು

ಸಂಸ್ಥೆಯ ನಿಯಮಾವಳಿಯ ಹದಿನಾಲ್ಕನೆಯ ಕಲಮಿನ ಪ್ರಕಾರ, ಆವರಣದ ಪ್ರತಿಯೊಂದು ಲೋಹದ ವಸ್ತುವಿನಲ್ಲೂ ತಪಾಸಣಾಧಿಕಾರಿಗಳ ಮುಖವು ಮೀಸೆ ಸಮೇತ ಸ್ಪಷ್ಟವಾಗಿ ಕಾಣತಕ್ಕದ್ದು. ಇದನ್ನು ಬರೆದಾಗ ಪ್ರಯೋಗಾಲಯ ಇನ್ನೂ ಕಟ್ಟಿರಲಿಲ್ಲವಾದ್ದರಿಂದ ಯಾರೂ ಆಕ್ಷೇಪಿಸಿರಲಿಲ್ಲ.

ತೊಡಕಾದದ್ದು ಪ್ರಯೋಗಾಲಯದ ಸಹಾಯಕಿಗೆ. ಆರು ವರ್ಷದಿಂದ ಆಕೆ ಅಂಗೈಯಗಲದ ಒಂದು ನಿಕ್ಕಲ್ ತಗಡಿನ ಬೆನ್ನು ಹತ್ತಿದ್ದಳು. ಅದನ್ನು ಕ್ಷಾರ ಬೆರೆಸಿದ ನೀರಿಗಿಳಿಸಿ ವಿದ್ಯುತ್ ಹರಿಸಿದರೆ ಮೈಮೇಲೆ ಜಲಜನಕದ ಗುಳ್ಳೆ ಏಳುತ್ತದೆ. ನುಣ್ಣಗಿನ ತಗಡಿನಲ್ಲಿ ಇದು ಬಲು ನಿಧಾನ. ಜಲಜನಕದ ಕಣಗಳು ಬಂದು ಕೂರಲು ಅಂಚು, ಗುಳಿ, ಮೆಟ್ಟಿಲು ಬೇಕು. ಆಕೆ ಆಮ್ಲದಲ್ಲಿ ಅದ್ದಿ ಅದ್ದಿ, ಬರಿಗಣ್ಣಿಗೆ ಕಾಣದಂಥ ಮೆಟ್ಟಿಲುಗಳನ್ನು ಲಕ್ಷಗಟ್ಟಲೆ ಮೂಡಿಸಿದ್ದಳು. ಗುಳ್ಳೆಗಳು ನಾ ಮುಂದು ತಾ ಮುಂದು ಎಂದು ಏಳುತ್ತಿದ್ದವು. ನೋಡುವುದಕ್ಕೆ ಮಾತ್ರ ತಗಡು ಸೀದ ಬಾಣಲೆಯ ಹಾಗೆ ಕಪ್ಪಗಿತ್ತು.

ತಪಾಸಣೆಯ ಹಿಂದಿನ ದಿನ ಉಗ್ರಾಣಾಧಿಕಾರಿಗಳು ಪಾಲಿಶ್ ಡಬ್ಬಿ ಹಿಡಿದು ಹೊರಟರು. ನಲ್ಲಿ, ಚಿಲಕ, ಬೀಗದಕೈ, ಕೊನೆಗೆ ಗುಮಾಸ್ತರ ಕನ್ನಡಕದ ಕಟ್ಟನ್ನೂ ಬಿಡಲಿಲ್ಲ. ಅವರು ಸಹಾಯಕಿಯ ಗಂಡನ ಅಣ್ಣ. ಒಂದೇ ಮನೆ, ಒಂದೇ ಅಡುಗೆ. ಭಾವನ ಕಣ್ಣಿಗೆ ಬೀಳದಿರಲೆಂದು ಆಕೆ ತಗಡನ್ನು ತನ್ನ ಊಟದ ಡಬ್ಬಿಯಲ್ಲಿ ಅಡಗಿಸಿ, ಎಂದಿನಂತೆ ಇಬ್ಬರ ಡಬ್ಬಿಯನ್ನೂ ಇಡುವ ಕಪಾಟಿನಲ್ಲಿಟ್ಟಳು. ಅತ್ತೆ ಇಬ್ಬರಿಗೂ ಒಂದೇ ತರದ ಡಬ್ಬಿ ಕೊಡಿಸಿದ್ದು ಆ ಗಡಿಬಿಡಿಯಲ್ಲಿ ಮರೆತೇಹೋಯಿತು.

ಮಧ್ಯಾಹ್ನ ಮುಚ್ಚಳ ತೆಗೆದರೆ ಒಳಗೆ ಭಾವನ ಊಟ. ಆಕೆ ಉಗ್ರಾಣಕ್ಕೆ ಓಡುವಷ್ಟರಲ್ಲಿ ಭಾವ ಹಸಿವನ್ನೂ ಮರೆತು ತಗಡಿನ ಕೊನೆಯ ಮೂಲೆ ಉಜ್ಜುತ್ತಿದ್ದರು.

"ಭಾವ, ಬಿಡಿ. ಅದು ನನ್ನ ಆರು ವರ್ಷ."

"ಇಲ್ಲಿ ನಾನು ಭಾವ ಅಲ್ಲಮ್ಮ, ಉಗ್ರಾಣಾಧಿಕಾರಿ. ಆರು ವರ್ಷದ ಕೊಳೆ ಅಂತ ನೋಡಿದ ಕೂಡಲೇ ಗೊತ್ತಾಯ್ತು."

ಸಹಾಯಕಿ ಬಿಕ್ಕಿ ಬಿಕ್ಕಿ ಅತ್ತಳು. ಅದಕ್ಕೆ ನಿಯಮಾವಳಿಯಲ್ಲಿ ಅಡ್ಡಿಯಿರಲಿಲ್ಲ. ಲೋಹದ ಮೇಲೆ ಹನಿ ಬೀಳಬಾರದು, ಅಷ್ಟೆ.

ಮರುದಿನ ತಪಾಸಣಾಧಿಕಾರಿಗಳು ತಗಡಿನಲ್ಲಿ ನೋಡಿಕೊಂಡು ಮೀಸೆಯ ಎಡತುದಿ ತಿದ್ದಿಕೊಂಡರು. ಆಮೇಲೆ ತಗಡನ್ನು ನೀರಿಗಿಳಿಸಲಾಯಿತು. ಎಲ್ಲರೂ ಕಾದರು. ಬಹಳ ಹೊತ್ತಿನ ಮೇಲೆ ಒಂದು ಗುಳ್ಳೆ ಎದ್ದಿತು. ನಿನ್ನೆಯವರೆಗೂ ಇದು ನೂರು ಪಟ್ಟು ಚುರುಕಾಗಿತ್ತೆಂದು ಸಹಾಯಕಿ ಧೈರ್ಯ ಮಾಡಿ ಹೇಳಿದಳು.

"ಅಷ್ಟು ಅವಸರ ಏನಿತ್ತಮ್ಮ ಅದಕ್ಕೆ?" ಎಂದು ತಪಾಸಣಾಧಿಕಾರಿಗಳು ಕಾಳಜಿಯಿಂದ ಕೇಳಿದರು. "ಕೇಂದ್ರ ಕಚೇರೀಲಿ ನಮ್ಮ ಕಡತಗಳೂ ಇದೇ ವೇಗದಲ್ಲಿ ಹೋಗೋದು. ಈಗ ನೋಡಿ, ಶಿಸ್ತು ಬಂದಿದೆ."

ಆದೇಶ ಸಕಾಲದಲ್ಲಿ, ಅಂದರೆ ಹನ್ನೊಂದು ತಿಂಗಳಿಗೆ, ಬಂತು: "ಸದರಿ ಕ್ರಿಯೆಯ ಈಗಿನ ವೇಗವನ್ನೇ ಅಧಿಕೃತ ವೇಗವೆಂದು ಪರಿಗಣಿಸತಕ್ಕದ್ದು. ಹೆಚ್ಚಿನ ಗುಳ್ಳೆ ಬೇಕಾದವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿ ತಗಡನ್ನು ಒರಟು ಮಾಡಿಕೊಳ್ಳಬಹುದು. ಹೊಳಪು ಮಾತ್ರ ಕುಂದತಕ್ಕದ್ದಲ್ಲ."

ಸಹಾಯಕಿ ಅರ್ಜಿ ಕೊಟ್ಟಿದ್ದಾಳೆ. ಉತ್ತರ ಬರುವವರೆಗೆ ಪ್ರತಿ ಸೋಮವಾರ ತಗಡನ್ನು ತಾನೇ ಉಜ್ಜುತ್ತಾಳೆ. ಭಾವ ಮನೆಯಲ್ಲಿ ಅತ್ತೆಯ ಮುಂದೆ ಅವಳ ಕೈಕೆಲಸವನ್ನು ಹೊಗಳುತ್ತಾರೆ. ಗಾಜಿನ ಪಾತ್ರೆಯೊಳಗೆ ನಿಂತ ತಗಡಿನಲ್ಲಿ ಮುಖ ಚೆನ್ನಾಗಿ ಕಾಣುವುದರಿಂದ ಕಚೇರಿಯ ಉಳಿದ ಹೆಂಗಸರೂ ಅಲ್ಲಿಗೇ ಬರುತ್ತಾರೆ. ಒಂದು ಗುಳ್ಳೆ ಎದ್ದು ಇನ್ನೊಂದು ಏಳುವಷ್ಟರಲ್ಲಿ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಬಾಚಿ, ಮತ್ತೆ ಹೆಣೆದುಕೊಳ್ಳುವಷ್ಟು ಬಿಡುವಿರುತ್ತದೆ.