ಹಸಿರು ಬೆಲ್ಟಿಗೆ ಒಂದು ಮಾತು

ರಂಜಿನಿ ಮನೆಯಲ್ಲಿ ಸುಳ್ಳು ಹೇಳಿ ಹೊರಟಿದ್ದಳು. ಚಾಮರಾಜನಗರದ ಲೈಬ್ರರಿಗೆ ಎಂದು ಹೇಳಿದವಳ ಚೀಲದಲ್ಲಿ ಪುಸ್ತಕವಿರಲಿಲ್ಲ, ಜೂಡೋ ಅಂಗಿಯಿತ್ತು. ಅದರ ಸುತ್ತ ಕಿತ್ತಳೆ ಬೆಲ್ಟು. ಈ ದಿನ ಪರೀಕ್ಷೆ. ಗೆದ್ದರೆ ಹಸಿರು.

ಸುಳ್ಳಿಗೆ ಕಾರಣ ಪಕ್ಕದ ಮನೆಯ ಚಿಕ್ಕನಿಂಗಮ್ಮ. ಅವರ ಊರು ಹಂಗಳದಲ್ಲಿ ಯಾರಿಗೆ ಏನು ಆಗಬೇಕಿದ್ದರೂ ಆಕೆಯದು ‘ಒಂದ್ ಮಾತು’ ಇರಲೇಬೇಕು. ರಂಜಿನಿಗೆ ಕಾಲೇಜು ಸೀಟು ಸಿಕ್ಕಿದಾಗ, ಹಾಸ್ಟೆಲ್ ಸಿಕ್ಕಿದಾಗ, ಕೊನೆಗೆ ಡಿಗ್ರಿ ಪಾಸಾದಾಗಲೂ “ನಾನೊಂದ್ ಮಾತು ಏಳಿದ್ದೆ” ಎಂದು ಬೀದಿಗೆಲ್ಲ ಸಾರಿದ್ದಳು. ಯಾರಿಗೆ ಹೇಳಿದ್ದಳೋ ದೇವರಿಗೇ ಗೊತ್ತು. ಊರು ಮಾತ್ರ ನಂಬಿತ್ತು.

ಯಾರ ಮಾತೂ ತಾಗದ್ದು ಒಂದಾದರೂ ತನ್ನದೆಂದು ಇರಲಿ ಎಂಬುದು ರಂಜಿನಿಯ ಆಸೆ. ಜೂಡೋದಲ್ಲಿ ಮಾತಿಗೆ ಜಾಗವಿಲ್ಲ. ಎದುರಾಳಿಯ ಬೆನ್ನು ಮ್ಯಾಟಿಗೆ ತಾಗಬೇಕು, ಅಷ್ಟೆ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತಳು. ಪಕ್ಕದ ಸೀಟಿಗೆ ಹಲಸಿನ ಹಣ್ಣು ಉರುಳಿದಂತೆ ಯಾರೋ ಬಂದು ಕೂತರು. ಚಿಕ್ಕನಿಂಗಮ್ಮ!

“ಎಲ್ಲಿಗಮ್ಮಿ?”

“ಲೈಬ್ರರಿಗೆ, ದೊಡ್ಡವ್ವ.”

ಆಕೆ ಚೀಲ ಒತ್ತಿ ನೋಡಿದಳು. “ಪುಸ್ತಕ ಇಷ್ಟ್ ಮೆತ್ತಗಿದ್ದದಾ?”

ತೆರಕಣಾಂಬಿ ದಾಟುವಷ್ಟರಲ್ಲಿ ಎಲ್ಲ ಬಾಯಿಬಿಡಿಸಿದ್ದಳು. “ಮೊದ್ಲೇ ಏಳಬಾರ್ದಾ? ನಾನೊಂದ್ ಮಾತು...”

“ಬೇಡ ದೊಡ್ಡವ್ವ, ನಿನ್ ಕಾಲ್ ಹಿಡ್ಕೊತೀನಿ.”

“ಕಾಲ್ ಯಾಕಮ್ಮಿ, ಬುಡು. ಸುಮ್ಗಿರ್ತೀನಿ.”

ಸುಮ್ಮನಿರುವುದು ಆಕೆಗೆ ಒಗ್ಗದ ಕೆಲಸ. ಚಾಮರಾಜನಗರದ ಜೂಡೋ ಶಾಲೆಯಲ್ಲಿ ರಂಜಿನಿ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಆಕೆ ಮಾಸ್ಟರ್ ಮಲ್ಲಿಕಾರ್ಜುನಸ್ವಾಮಿಯವರ ಮುಂದೆ ನಿಂತಿದ್ದಳು.

“ನಮ್ ಉಡ್ಗಿ ಸಾ, ಬಾಳ ಸಾದು. ಒಂಚೂರು ನೋಡ್ಕಳಿ.”

“ಸಾಧು ಆದ್ರೆ ಬೆಲ್ಟ್ ಯಾಕಮ್ಮ? ಇಲ್ಲಿ ಎತ್ತಿ ಹಾಕಿದ್ರೆ ಬೆಲ್ಟು, ಇಲ್ದಿದ್ರೆ ಬಸ್ಸು” ಎಂದರು ಮಾಸ್ಟರ್.

ಚಿಕ್ಕನಿಂಗಮ್ಮ ಪೆಚ್ಚಾಗಿ ಎತ್ತಲೋ ಹೋದಳು. ಬದುಕಿದೆ ಎಂದುಕೊಂಡಳು ರಂಜಿನಿ.

ಎದುರಾಳಿ ಕುದೇರಿನ ಮಂಗಳಗೌರಿ, ರಾಗಿ ಮೂಟೆಯಂಥ ಹುಡುಗಿ. ಕಳೆದ ಸಲ ಅವಳನ್ನು ಅಲುಗಿಸಲೂ ಆಗಿರಲಿಲ್ಲ. ಈ ಸಲ ಅವಳು ನುಗ್ಗಿ ಬಂದದ್ದೇ ರಂಜಿನಿ ಗರಕ್ಕನೆ ತಿರುಗಿ ಸೊಂಟ ಅಡ್ಡ ಕೊಟ್ಟಳು. ಮಂಗಳಗೌರಿ ಗಾಳಿಯಲ್ಲಿ ಮಗುಚಿ ಧೊಪ್ಪೆಂದು ಬೆನ್ನ ಮೇಲೆ ಬಿದ್ದಳು. ಮಾಸ್ಟರ್ ಕೈ ಎತ್ತಿದರು. ಹಸಿರು ಬೆಲ್ಟು ಸೊಂಟಕ್ಕೆ ಬಂದಾಗ, ಸದಾ ನೆಲ ನೋಡುವ ರಂಜಿನಿ ತಲೆ ಎತ್ತಿ ನಿಂತಿದ್ದಳು.

ಚಿಕ್ಕನಿಂಗಮ್ಮ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. “ಆ ಉಡ್ಗಿಗೂ ಒಂದ್ ಮಾತು ಏಳಿದ್ದೆ ಕಣಮ್ಮಿ. ಬಿದ್ಬುಡವ್ವ ಅಂತ.”

ರಂಜಿನಿ ಬೆಲ್ಟು ಬಿಚ್ಚಿ, ಮಡಚಿ, ಮಾಸ್ಟರ್ ಮುಂದಿಟ್ಟಳು. “ಇದು ನಂದಲ್ಲ ಸಾರ್. ಅವಳು ಬೇಕಂತ ಬಿದ್ದಿದ್ದಾಳೆ.” ಅಷ್ಟು ಉದ್ದದ ಮಾತನ್ನು ಅವರೆದುರು ಅವಳು ಎಂದೂ ಆಡಿರಲಿಲ್ಲ. ಮಾಸ್ಟರ್ ಅವಳ ಮುಖವನ್ನೇ ನೋಡಿ, ಹಸಿರನ್ನು ಪೆಟ್ಟಿಗೆಯೊಳಗಿಟ್ಟರು.

ಹೊರಗೆ ನಲ್ಲಿಯ ಬಳಿ ಮಂಗಳಗೌರಿ ಸೊಂಟ ಹಿಡಿದು ಕೂತಿದ್ದಳು.

“ಬೇಕಂತ ಬಿದ್ನಾ? ನಾನಾ? ಆಯಮ್ಮ ಅಂಗಂದಿದ್ಕೇ ರೋಸೋಗಿ ಇರೋ ಬರೋ ಶಕ್ತಿಯೆಲ್ಲ ಬುಟ್ಟು ನುಗ್ಗಿದ್ದು ಕಣೆ! ಬೇಕಂತ ಬಿದ್ದೋರ ಸೊಂಟ ಇಂಗಾಯ್ತದಾ?”

 ಹಾಗಾದರೆ ಆ ಬೆಲ್ಟು ರಂಜಿನಿಯದೇ ಆಗಿತ್ತು. ಒಪ್ಪಿಸಿಬಿಟ್ಟದ್ದನ್ನು ಹೋಗಿ ವಾಪಸ್ ಕೇಳಲು ಬಾಯಿ ಬರಲಿಲ್ಲ.

ಹಿಂದಿನಿಂದ ದನಿ ಬಂತು. “ಇಷ್ಟೆಯಾ? ಬಾರವ್ವ ನೀನು.” ಚಿಕ್ಕನಿಂಗಮ್ಮ ಮಂಗಳಗೌರಿಯ ಕೈ ಹಿಡಿದು ಎಳೆದುಕೊಂಡು ಹೊರಟಾಗಿತ್ತು. “ಬೇಡ ದೊಡ್ಡವ್ವ!” ಎಂದು ರಂಜಿನಿ ಕೂಗಿದ್ದು ಬಾಗಿಲಿಗೆ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಒಬ್ಬಳು ಕುಂಟುತ್ತ, ಇನ್ನೊಬ್ಬಳು ಹಸಿರು ಬೆಲ್ಟು ಬೀಸುತ್ತ ಹೊರಬಂದರು.

ಸಂಜೆಯ ಬಸ್ಸಿನಲ್ಲಿ ಬೆಲ್ಟು ಸೀಟಿನಿಂದ ಸೀಟಿಗೆ ಹೋಯಿತು.

“ಮೇಷ್ಟ್ರು ವಾಪಸ್ ಮಡಿಕಬುಟ್ಟಿದ್ರು ಕಣ್ರವ್ವ. ನಾ ಓಗಿ ಒಂದ್ ಮಾತು ಏಳ್ದೆ, ಕೊಟ್ಬುಟ್ರು.”

“ಅವ್ವೋ, ನಂಗೂ ಒಂದ್ ಮಾತು ಏಳು, ನಮ್ಮೂರ್ ಕಡೆ ಟ್ರಾನ್ಸ್‌ಫರ್ ಆಗ್ಬೇಕು” ಎಂದ ಕಂಡಕ್ಟರ್.

“ಏಳನ ಬುಡು.”

ರಂಜಿನಿ ಕಿಟಕಿಗೆ ಹಣೆ ಆನಿಸಿ ಯೋಚಿಸಿದಳು. ಇಷ್ಟು ವರ್ಷಗಳಲ್ಲಿ ಚಿಕ್ಕನಿಂಗಮ್ಮನ ಮಾತಿನಿಂದ ನಿಜವಾಗಿ ಆದ ಕೆಲಸ ಇದೊಂದೇ.